ಕಿಟಕಿ ಮುಚ್ಚಿದ ನಾಲ್ಕು ದಿನ

ದಿನ 1: ರೈಲು ನಿಲ್ದಾಣ

ಜರ್ಮನಿಯಲ್ಲಿ ರೈಲು ಗಡಿಯಾರ ಹಿಡಿದು ಬರುತ್ತದೆ ಎಂದು ಹೊರಡುವ ಮುನ್ನ ನನಗೆ ಹೇಳಿದವರು ಹನ್ನೊಂದು ಜನ. ಅವರಲ್ಲಿ ಜರ್ಮನಿ ನೋಡಿದವರು ಒಬ್ಬರೂ ಇಲ್ಲ. ಎಲ್ಲರ ಹೆಸರನ್ನೂ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ವಿಮಾನ ಇಳಿದ ಮೇಲೆ ನಾವು ಮೂರು ರೈಲು ಹಿಡಿಯಬೇಕಿತ್ತು. ಮೊದಲನೆಯದು ಇಪ್ಪತ್ತಾರು ನಿಮಿಷ ತಡವಾಗಿ ಬಂತು. ಎರಡನೆಯದು ಬರಲೇ ಇಲ್ಲ. ಮೂರನೆಯದು ಸರಿಯಾದ ಹೊತ್ತಿಗೆ ಹೋಯಿತಂತೆ, ನಾವು ಇನ್ನೂ ಎರಡನೆಯದಕ್ಕೆ ಕಾಯುತ್ತಿದ್ದಾಗ.

"ನಮ್ಮ ಕುಲಗೋಡ ಬಸ್ಸ ಚಲೋ ಅನ್ನಂಗ ಮಾಡಿತಲ್ಲ ತಂಗಿ ಇದು," ಅಂದರು ಸಲೀಮಣ್ಣ, ಬೆಂಚಿನ ಮೇಲೆ ಕಾಲು ಮಡಚಿ ಕೂತು.

ಸಲೀಮಣ್ಣ ಸಂಕೇಶ್ವರದವರು. ಗೋಕಾಕದ ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಬೆಸುಗೆ ಹಾಕುತ್ತಿದ್ದಾರೆ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ತುಕ್ಕಾನಟ್ಟಿಯ ಮಾಯಾ. ಅಪ್ಪನಿಗೆ ಕುರಿ ಇವೆ, ನನಗೆ ಪಿಎಚ್.ಡಿ. ಆಗಬೇಕಾಗಿದೆ. ನನ್ನ ಕೈಚೀಲದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಎರಡು ಅಲ್ಯೂಮಿನಿಯಂ ಪೆಟ್ಟಿಗೆಗಳಿದ್ದವು. ಎರಡನ್ನೂ ನಮ್ಮ ಮನೆಯ ಉಣ್ಣೆಯಲ್ಲೇ ನೇಯಿಸಿದ ಕಂಬಳಿಯ ತುಂಡಿನಲ್ಲಿ ಸುತ್ತಿದ್ದೆ. ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದ.

"ಇದು ಯಾವ ಪ್ರಾಣಿ?"

"ಕುರಿ."

"ಒಳಗೆ?"

"ಆಸಿಲೇಟರ್."

ಎರಡರಲ್ಲಿ ಯಾವುದನ್ನು ಹೆಚ್ಚು ಅನುಮಾನಿಸಬೇಕೆಂದು ತೀರ್ಮಾನಿಸಲು ಅವನಿಗೆ ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಆಸಿಲೇಟರುಗಳನ್ನು ಸುಮ್ಮನೆ ಬಿಟ್ಟು, ಕಂಬಳಿಗೆ ಒಂದು ಫಾರ್ಮ್ ತುಂಬಿಸಿಕೊಂಡ.

ಬಂದ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಆಸಿಲೇಟರ್ ಅಂದರೆ ಒಳಗೊಂದು ಸ್ಫಟಿಕದ ಚೂರಿಟ್ಟುಕೊಂಡು ಒಂದೇ ಲಯದಲ್ಲಿ ಮಿಡಿಯುವ ಸರ್ಕ್ಯೂಟ್. ಗೋಡೆಯ ಗಡಿಯಾರ, ಮೊಬೈಲ್, ಟವರ್, ಎಲ್ಲದರ ಹೊಟ್ಟೆಯಲ್ಲೂ ಒಂದಿರುತ್ತದೆ. ಆದರೆ ಯಾವುದೂ ಪೂರ್ತಿ ಒಂದೇ ಲಯದಲ್ಲಿ ಮಿಡಿಯುವುದಿಲ್ಲ. ಅದರ ತಪ್ಪು ಎರಡು ಬಗೆಯದು. ಕುಲಗೋಡದಿಂದ ಗೋಕಾಕಕ್ಕೆ ಬರುವ ಬಸ್ಸು ಒಂದು ದಿನ ಐದು ನಿಮಿಷ ಮೊದಲೇ ಬರುತ್ತದೆ, ಇನ್ನೊಂದು ದಿನ ಏಳು ನಿಮಿಷ ತಡ. ತಿಂಗಳ ಸರಾಸರಿ ತೆಗೆದರೆ ಅದೆಲ್ಲ ಅಳಿಸಿಹೋಗುತ್ತದೆ. ಆದರೆ ಕಬ್ಬಿನ ಹಂಗಾಮು ಬಂದರೆ ಅದೇ ಬಸ್ಸು ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ತಿಂಗಳುಗಟ್ಟಲೆ ತಡವಾಗುತ್ತದೆ. ಹಂಗಾಮು ಮುಗಿದರೆ ಡ್ರೈವರ್ ಬದಲಾಗುತ್ತಾನೆ, ಅವನದು ಬೇರೆಯೇ ಚಾಳಿ. ಇಂಥ ನಿಧಾನದ ತಪ್ಪು ಸರಾಸರಿಗೆ ಜಗ್ಗುವುದಿಲ್ಲ. ಇನ್ನಷ್ಟು ದಿನ ಎಣಿಸಿದರೂ ಅಷ್ಟೇ ಉಳಿಯುತ್ತದೆ. ಇದನ್ನು ಕಡಿಮೆ ಆವರ್ತನದ ಗದ್ದಲ ಅನ್ನುತ್ತಾರೆ. ಅದು ಎಷ್ಟಿರುತ್ತದೆಂದು ಮೊದಲೇ ಹೇಳುವ ಸೂತ್ರವೊಂದನ್ನು ಕಟ್ಟಲು ನನಗೆ ಐದು ವರ್ಷ ಹಿಡಿದಿದೆ. ಸರಾಸರಿಯ ಅವಧಿ ಹೆಚ್ಚಿಸುತ್ತ ಹೋದರೆ ತಪ್ಪಿನ ಗೆರೆ ಇಳಿಯುತ್ತದೆ, ಹದಿನೈದು ನಿಮಿಷದ ಹತ್ತಿರ ನಿಂತು, ಅಲ್ಲಿಂದ ಮುಂದೆ ಅಂಗಳದ ಹಾಗೆ ಸಪಾಟಾಗಿ ಸಾಗುತ್ತದೆ ಅನ್ನುತ್ತದೆ ನನ್ನ ಸೂತ್ರ.

ಪರೀಕ್ಷಕರು ಪ್ರಬಂಧವನ್ನು ಒಮ್ಮೆ ವಾಪಸ್ ಕಳಿಸಿದ್ದರು. ಮನ್ನಣೆಯಿರುವ ಪ್ರಯೋಗಾಲಯದಲ್ಲಿ ದಿನಗಟ್ಟಲೆ ಅಳೆದು, ಅಲ್ಲಿಯವರ ಸಹಿ ತರಬೇಕು. ನಮ್ಮ ಕಾಲೇಜಿನಲ್ಲಿ ಅದು ಸಾಧ್ಯವಿಲ್ಲ, ದಿನ ಮುಗಿಯುವುದರೊಳಗೆ ಕರೆಂಟು ಹೋಗುತ್ತದೆ. ಇಲ್ಲಿ ನಮಗೆ ಇಪ್ಪತ್ತೊಂದು ದಿನ ಸಿಕ್ಕಿದೆ. ಗೆರೆ ಸಪಾಟಾಗಿ ಬಂದರೆ ಪದವಿ. ಇಲ್ಲದಿದ್ದರೆ ಐದು ವರ್ಷದ ಕಾಗದ ರದ್ದಿಗೆ.

ಈ ಜರ್ಮನ್ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಇಂಥ ಪ್ರಯೋಗಾಲಯ ಇರುವುದು ಒಂದೇ, ಮುಂದೆ ಬರುವುದನ್ನು ಓದಿದರೆ ಅವರಿಗೆ ಬೇಜಾರಾದೀತು.

ದಿನ 2: ಪ್ರಯೋಗಾಲಯ

ಬಾಗಿಲಲ್ಲಿ ಬೂಟಿಗೆ ನೀಲಿ ಚೀಲ ಹಾಕಬೇಕು. ರಿಜಿಸ್ಟರಿನಲ್ಲಿ ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, ಸಹಿ. ಒಳಗೆ ಪಿಸುಮಾತು ಮಾತ್ರ. ನೊಣಕ್ಕೂ ಸಹಿ ಬರುವಂತಿದ್ದರೆ ಹಾಕಿಸಿಕೊಂಡೇ ಬಿಡುತ್ತಿದ್ದರು.

ಇಲ್ಲಿಯ ಮುಖ್ಯಸ್ಥರು ಪ್ರೊಫೆಸರ್ ಹೆಲ್ಮುಟ್. ಎತ್ತರದ ಆಳು, ಮಾತಾಡುವಾಗ ನಮ್ಮ ತಲೆಯ ಮೇಲಿನ ಗೋಡೆಯನ್ನು ನೋಡುತ್ತಾರೆ. ಕಂಬಳಿ ಬಿಚ್ಚಿದ್ದನ್ನು ಕಂಡು ಅವರ ಮೂಗು ಸ್ವಲ್ಪ ಮೇಲೆ ಹೋಯಿತು.

"ನಮ್ಮಲ್ಲಿ ತಾಪಮಾನ ಕಾಯುವ ಪೆಟ್ಟಿಗೆ ಇದೆ. ಡಿಗ್ರಿಯ ಸಾವಿರದ ಒಂದು ಭಾಗವೂ ಹೆಚ್ಚುಕಡಿಮೆಯಾಗುವುದಿಲ್ಲ. ಕುರಿಯ ಅಗತ್ಯವಿಲ್ಲ."

"ಏನಂದ್ರು?" ಸಲೀಮಣ್ಣ ಕೇಳಿದರು.

"ಕುರಿ ಬ್ಯಾಡಂತ."

"ಬರೇ ಮನಷ್ಯಾರ ಸಾಕಂತೇನು?"

ಮಹಡಿಯ ಉಸ್ತುವಾರಿ ಇಲ್ಸೆ ಎಂಬ ಹೆಂಗಸಿನದು. ಅರವತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ಬೀಗದ ಕೈಗಳು. ಗೋಡೆಗೆ ಅವರ ಒಂದು ಪಟ್ಟಿ ಅಂಟಿಸಿತ್ತು: ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು. ಔಷಧಿಯ ವೇಳೆ ಅಂದುಕೊಂಡೆ. ಹತ್ತು ಗಂಟೆಗೆ ಇಲ್ಸೆ ಬಂದು ಕೋಣೆಯ ದೊಡ್ಡ ಕಿಟಕಿಯನ್ನು ಅಗಲವಾಗಿ ತೆರೆದರು. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ನನ್ನ ಹಲ್ಲು ಕಟಕಟ ಅಂದವು. ಹತ್ತು ನಿಮಿಷ ಆದ ಮೇಲೆ ಬಂದು ಮುಚ್ಚಿದರು.

"ಇದು ಯಾಕೆ?" ಎಂದು ಕೇಳಿದೆ.

"ಗಾಳಿ," ಅಂದರು ಇಲ್ಸೆ. ನೀರು ಯಾಕೆ ಕುಡಿಯಬೇಕೆಂದು ಕೇಳಿದ್ದೇನೋ ಅನ್ನುವ ಹಾಗಿತ್ತು ಅವರ ಮುಖ.

ಈ ದೇಶದಲ್ಲಿ ಹೀಟರ್ ಹಾಕಿ ಕೋಣೆ ಬಿಸಿ ಮಾಡುವುದು, ಎರಡು ತಾಸಿಗೊಮ್ಮೆ ಕಿಟಕಿ ತೆರೆದು ಆ ಬಿಸಿಯನ್ನೆಲ್ಲ ಬೀದಿಗೆ ಬಿಡುವುದು, ಮತ್ತೆ ಬಿಸಿ ಮಾಡುವುದು ಒಂದು ವ್ರತ. ಸಿಟ್ಟಿಗೆ ನಾನು ಡೈರಿಯಲ್ಲಿ 'ಕಿಟಕಿ' ಅಂತ ಹೊಸ ಕಾಲಂ ಎಳೆದೆ. ಎಷ್ಟು ಸಲ ನನ್ನನ್ನು ಹೆಪ್ಪುಗಟ್ಟಿಸುತ್ತಾರೆ ಎಂಬುದಕ್ಕೆ ನಿಮಿಷ ಸಮೇತ ಲೆಕ್ಕ ಇರಲಿ.

ದಿನ 5: ಊಟದ ಕೋಣೆ

ಮೂರನೆಯ ದಿನ ಅಳತೆ ಶುರುವಾಗಿದೆ. ನಮ್ಮ ಎರಡೂ ಆಸಿಲೇಟರ್ ತಾಪಮಾನದ ಪೆಟ್ಟಿಗೆಯೊಳಗಿವೆ. ಇಲ್ಲಿಯ ದೊಡ್ಡ ಪರಮಾಣು ಗಡಿಯಾರ ನೆಲಮಾಳಿಗೆಯಲ್ಲಿದೆ. ಅದರ ಸಂಕೇತ ಕೇಬಲ್ಲಿನಲ್ಲಿ ಮೇಲೆ ಬಂದು, ಒಂದು ಆಂಪ್ಲಿಫೈಯರ್ ದಾಟಿ, ನಮ್ಮವುಗಳ ಜೊತೆ ಹೋಲಿಕೆಯಾಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಕಂಪ್ಯೂಟರ್ ವ್ಯತ್ಯಾಸ ಬರೆದುಕೊಳ್ಳುತ್ತದೆ.

ನಾನೂ ಬರೆದುಕೊಳ್ಳುತ್ತೇನೆ, ಬೆಳಿಗ್ಗೆ ಎಂಟರಿಂದ ಸಂಜೆ ಎಂಟರವರೆಗೆ, ಗಂಟೆಗೊಮ್ಮೆ, ಕೈಯಿಂದ.

"ಕಂಪ್ಯೂಟರ್ ಬರ್ಯಾಕತ್ತೈತಿ, ನೀ ಯಾಕ ಬರೀತಿ?" ಸಲೀಮಣ್ಣ ಕೇಳಿದರು.

"ಕರೆಂಟ್ ಹೋದ್ರ?"

"ಇಲ್ಲಿ ಹೋಗಂಗಿಲ್ಲ."

"ರೈಲೂ ತಡ ಆಗಂಗಿಲ್ಲ ಅಂದಿದ್ರು."

ನಮ್ಮ ಲ್ಯಾಬಿನಲ್ಲಿ ಕರೆಂಟು ಹೋದರೆ ಕಂಪ್ಯೂಟರಿನ ಅರ್ಧ ದಿನ ಗಾಳಿಗೆ, ಉಳಿಯುವುದು ನನ್ನ ಡೈರಿ. ಐದು ವರ್ಷದ ಅಭ್ಯಾಸವನ್ನು ವೀಸಾ ಸಿಕ್ಕಿತು ಅಂತ ಬಿಡಲಾಗುವುದಿಲ್ಲ. ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಕಿಟಕಿಯ ಕೆಳಗಿನ ಹೀಟರಿನ ಬಾಜೂಕ್ಕೆ ಎಳೆದುಕೊಂಡು, ಅಲ್ಲಿ ಆರೇಳು ನಿಮಿಷ ಕೂತು ಬರೆಯುತ್ತೇನೆ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಇಪ್ಪತ್ತು ಜನ ತಣ್ಣನೆಯ ಬ್ರೆಡ್ಡನ್ನು ಚಾಕುವಿನಲ್ಲಿ ಕೊಯ್ದು ಸದ್ದಿಲ್ಲದೆ ತಿನ್ನುತ್ತಿದ್ದರು. ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಸಲೀಮಣ್ಣ ಮೊದಲ ತುಂಡು ಮುರಿದದ್ದಕ್ಕೇ ಮೂರು ಟೇಬಲ್ ಈ ಕಡೆ ತಿರುಗಿತು. ಅಗಿಯಲು ಶುರು ಮಾಡಿದಾಗ ಉಳಿದವರೂ ತಿರುಗಿದರು.

"ಇವರ ಮಷಿನ್ ತಂದು ಹಚ್ರಲಾ, ನನ್ನ ಹಲ್ಲಿನ ಗದ್ದಲಾನೂ ಅಳೀಲಿ," ಅಂದರು ಸಲೀಮಣ್ಣ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

ವಾಪಸ್ ಬರುವಾಗ ರಸ್ತೆ ದಾಟಲು ಕೆಂಪು ದೀಪ ಇತ್ತು. ರಸ್ತೆ ಎರಡೂ ಕಡೆ ಕಣ್ಣು ಹಾಯುವವರೆಗೆ ಖಾಲಿ. ಒಂಬತ್ತು ಜನ ನಿಂತಿದ್ದರು. ಇಲ್ಲದ ಗಾಡಿಗೆ ಹೀಗೆ ಮರ್ಯಾದೆ ಕೊಡುವವರು, ನಮ್ಮ ಸಂಕೇಶ್ವರದ ಹೆದ್ದಾರಿಯಲ್ಲಿ ಬಂದು ನಿಂತರೆ ಮುದುಕರಾಗುವವರೆಗೆ ಆಚೆ ದಡ ಸೇರುವುದಿಲ್ಲ.

ಇಂದಿನ ಲೆಕ್ಕ: ಕಿಟಕಿ ಐದು, ನನ್ನನ್ನು ಕಂಡು ನಕ್ಕವರು ಸೊನ್ನೆ.

ದಿನ 10: ಉಬ್ಬು

ಒಂದು ವಾರದ ಗ್ರಾಫ್ ಬಂತು. ಗೆರೆ ನಾನು ಹೇಳಿದ ಹಾಗೆಯೇ ಇಳಿಯಿತು, ಹದಿನೈದು ನಿಮಿಷಕ್ಕೆ ನಿಂತಿತು. ಅಲ್ಲಿಂದ ಸಪಾಟಾಗಿ ಹೋಗುವ ಬದಲು ಎದ್ದು, ಒಂದು ಗಂಟೆಯ ಹತ್ತಿರ ಒಂಟೆಯ ಬೆನ್ನಿನ ಹಾಗೆ ಉಬ್ಬಿ, ಮತ್ತೆ ಇಳಿಯಿತು. ನನ್ನ ಕೈ ತಣ್ಣಗಾಯಿತು. ಈ ಸಲ ಕಿಟಕಿ ಮುಚ್ಚಿತ್ತು.

ಪ್ರೊಫೆಸರ್ ಮಾತ್ರ ಮೊದಲ ಸಲ ಗೋಡೆ ಬಿಟ್ಟು ನನ್ನನ್ನು ನೋಡಿದರು. ಖುಷಿಯಾಗಿದ್ದರು.

"ನಿಮ್ಮದರಲ್ಲೂ ಬಂತು. ಒಂಬತ್ತು ವರ್ಷದಿಂದ ಇಲ್ಲಿ ಅಳೆದ ಪ್ರತಿ ಆಸಿಲೇಟರಿನಲ್ಲೂ ಇದು ಇದೆ. ನಾವು ಇದನ್ನು ಸ್ಫಟಿಕದ ಉಸಿರಾಟ ಅನ್ನುತ್ತೇವೆ. ನನ್ನ ಸೂತ್ರದಲ್ಲಿ ಇದಕ್ಕೆಂದೇ ಒಂದು ಗಣಿತದ ಪದವಿದೆ. ನಿಮ್ಮ ಸೂತ್ರಕ್ಕೂ ಅದನ್ನು ಸೇರಿಸಿ, ನಾನು ಇವತ್ತೇ ಸಹಿ ಹಾಕುತ್ತೇನೆ."

ಸೇರಿಸಿದರೆ ನನ್ನ ಗೆರೆ ಸಪಾಟಲ್ಲ. ಅದು ಸಪಾಟಲ್ಲದಿದ್ದರೆ ನಾನು ಹೇಳಿದ್ದೇ ತಪ್ಪು. ಹೊರಗೆ ಬಂದು ಸಲೀಮಣ್ಣನಿಗೆ ಹೇಳಿದೆ.

"ಸೇರಿಸಿಬಿಡ ತಂಗಿ. ಒಂದ ಅಕ್ಷರ. ಸಹಿ ಸಿಗತೈತಿ, ಊರಿಗಿ ಹೋಗೂಣು."

"ಊರಾಗ ಅಳದಾಗ ಉಸಿರಾಡಲಿಲ್ಲಲ್ಲ ಇದು? ಕರೆಂಟ್ ಹೋಗೂತನಾ ನಾಕ್ ನಾಕ ತಾಸ ನೋಡೇನಿ. ಜರ್ಮನಿಗಿ ಬಂದಮ್ಯಾಲ ಉಸಿರ ಬಂತೇನು?"

"ಆ ಬೆಸಗಿ ನಾ ಹಾಕೇನಿ," ಅಂದರು ಸಲೀಮಣ್ಣ. "ಅದು ಉಸಿರಾಡಂಗಿಲ್ಲ."

ದಿನ 11: ನನ್ನ ಕಾಲಂ

ಸರಾಸರಿಯ ಗ್ರಾಫ್ ಬದಿಗಿಟ್ಟು, ಕಂಪ್ಯೂಟರ್ ಹತ್ತು ಸೆಕೆಂಡಿಗೊಮ್ಮೆ ಬರೆದ ಅಂಕಿಗಳನ್ನು ಸಾಲಾಗಿ ಹಾಕಿ ನೋಡಿದೆ. ಸಣ್ಣ ಸಣ್ಣ ತಗ್ಗುಗಳಿದ್ದವು. ನಾಲ್ಕನೆಯ ದಿನ: ಎಂಟು ಗಂಟೆ ನಾಲ್ಕು ನಿಮಿಷ, ಹತ್ತು ಗಂಟೆ ಮೂರು ನಿಮಿಷ, ಹನ್ನೆರಡು ಗಂಟೆ ಐದು ನಿಮಿಷ. ಡೈರಿ ತೆಗೆದೆ. ಕಿಟಕಿ: ಎಂಟು, ಹತ್ತು, ಹನ್ನೆರಡು. ಇಲ್ಸೆ ಒಂದು ದಿನ ಎರಡು ಗಂಟೆಯ ಗಾಳಿಯನ್ನು ಹನ್ನೊಂದು ನಿಮಿಷ ತಡ ಮಾಡಿದ್ದರು. ನಾನು ಅದನ್ನು ಸಂತೋಷದಿಂದ ಬರೆದುಕೊಂಡಿದ್ದೆ. ಆ ದಿನ ತಗ್ಗೂ ಹನ್ನೊಂದು ನಿಮಿಷ ತಡವಾಗಿ ಬಿದ್ದಿತ್ತು.

ಆಸಿಲೇಟರ್ ಪೆಟ್ಟಿಗೆಯೊಳಗೆ ಬೆಚ್ಚಗಿದೆ, ಖರೆ. ಆದರೆ ಅದನ್ನು ಹೋಲಿಸುವ ದೊಡ್ಡ ಗಡಿಯಾರದ ಆಂಪ್ಲಿಫೈಯರ್ ಇರುವುದು ಕಿಟಕಿಯ ಕೆಳಗಿನ ಹಲಗೆಯ ಮೇಲೆ. ಎರಡು ತಾಸಿಗೊಮ್ಮೆ ಅದರ ಮೇಲೆ ಚಳಿಗಾಲ ಸುರಿಯುತ್ತದೆ. ಎರಡು ತಾಸಿಗೊಮ್ಮೆ ಬರುವ ಏರುಪೇರು ಈ ಗ್ರಾಫಿನಲ್ಲಿ ಅದರ ಅರ್ಧಕ್ಕೆ, ಅಂದರೆ ಒಂದು ಗಂಟೆಗೆ, ಉಬ್ಬಾಗಿ ಕಾಣುತ್ತದೆ. ಇದು ಯಾವ ಪುಸ್ತಕ ತೆರೆದರೂ ಮೊದಲ ಪಾಠದಲ್ಲೇ ಇದೆ.

ಒಂಬತ್ತು ವರ್ಷ. ಬೂಟಿಗೆ ಚೀಲ, ಬಾಗಿಲಿಗೆ ರಿಜಿಸ್ಟರು, ಪಿಸುಮಾತು. ಕಿಟಕಿ ತೆರೆದದ್ದನ್ನು ಮಾತ್ರ ಯಾರೂ ಎಲ್ಲೂ ಬರೆದಿಲ್ಲ, ಯಾಕೆಂದರೆ ಅವರ ಪ್ರಕಾರ ಅದು ಬರೆದಿಡುವಂಥ ಘಟನೆಯೇ ಅಲ್ಲ. ತಾವು ಉಸಿರಾಡುವುದಕ್ಕೆ ಕಿಟಕಿ ತೆಗೆದು, ಉಸಿರನ್ನು ಸ್ಫಟಿಕದ ತಲೆಗೆ ಕಟ್ಟಿದ್ದಾರೆ.

ಡೈರಿ ಹಿಡಿದುಕೊಂಡು ಪ್ರೊಫೆಸರ್ ಕೋಣೆಗೆ ಹೋದೆ. ಅವರು ನನ್ನ ಕಾಲಂ ನೋಡಿದರು, ಅಂಕಿ ನೋಡಿದರು, ಮತ್ತೆ ಗೋಡೆ ನೋಡಿದರು.

"ಕಾಕತಾಳೀಯ ಇರಬಹುದು. ನಾಲ್ಕು ದಿನ ಕಿಟಕಿ ಮುಚ್ಚಿ. ಆಮೇಲೂ ಉಬ್ಬು ಇದ್ದರೆ ಆ ಪದ ಸೇರಿಸುತ್ತೀರಿ. ಒಪ್ಪಿಗೆಯೇ?"

"ಒಪ್ಪಿಗೆ."

ಇಲ್ಸೆಯನ್ನು ಒಪ್ಪಿಸುವುದೇ ಕಷ್ಟವಾಯಿತು. "ಮುಚ್ಚಿದ ಕೋಣೆಯಲ್ಲಿ ಮನುಷ್ಯರು ಇರುವುದು ಹೇಗೆ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಆರು ಜನ, ನಾಲ್ಕು ಮರಿ ಒಂದೇ ಕೋಣೆಯಲ್ಲಿ ಮಲಗುತ್ತೇವೆ ಎಂದೆ. ಇಲ್ಸೆ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಕಿಟಕಿಗೆ ಬೀಗ ಹಾಕಿದರು.

ದಿನ 16: ಅವರ ರಿಜಿಸ್ಟರು

ನಾಲ್ಕು ದಿನ ಕಳೆದವು. ಕಿಟಕಿಯ ಕಾಲಂ ತುಂಬ ಸೊನ್ನೆ. ಬೆಳಿಗ್ಗೆ ಗ್ರಾಫ್ ಹಾಕಿದೆ. ಒಂದು ಗಂಟೆಯ ಒಂಟೆ ಮಾಯವಾಗಿತ್ತು. ನಾನು ಕುರ್ಚಿಯಿಂದ ಎದ್ದೆ. ಹೆಲ್ಮುಟ್ ಸಾಹೇಬರ ಮುಂದೆ ಯಾವ ಮಾತು ಯಾವ ಕ್ರಮದಲ್ಲಿ ಆಡಬೇಕೆಂದು ಮನಸ್ಸಿನಲ್ಲಿ ಪಟ್ಟಿ ಮಾಡಿಕೊಂಡೆ. ಏಳು ಮಾತು ಇದ್ದವು.

"ನಿಂದರ ತಂಗಿ," ಅಂದರು ಸಲೀಮಣ್ಣ. "ಇದೇನಿದು?"

ಅರ್ಧ ಗಂಟೆಯ ಹತ್ತಿರ ಗೆರೆ ಸ್ವಲ್ಪ ಎದ್ದಿತ್ತು. ಒಂಟೆಯಷ್ಟಲ್ಲ, ಕುರಿಮರಿಯ ಬೆನ್ನಿನಷ್ಟು. ದೊಡ್ಡ ಉಬ್ಬಿನ ಏರಿನಲ್ಲಿ ಅದು ಮೊದಲು ಮುಚ್ಚಿಹೋಗಿತ್ತು.

"ಇನ್ನೊಂದ ಏನೋ ಐತಿ ಇವರದು," ಅಂದೆ. "ಗಂಟೆಗೊಮ್ಮೆ ಏನೋ ಮಾಡತಾರ. ಹೀಟರ್ ಇರಬೇಕು. ಇಲ್ಲಾ ಲಿಫ್ಟ್."

ಸಲೀಮಣ್ಣ ಹೋಗಿ ಬಾಗಿಲ ರಿಜಿಸ್ಟರ್ ತಂದು ನನ್ನ ಮುಂದೆ ತೆರೆದಿಟ್ಟರು. ಎಂಟು ಗಂಟೆ, ನನ್ನ ಸಹಿ. ಒಂಬತ್ತು, ನನ್ನ ಸಹಿ. ಹತ್ತು, ಹನ್ನೊಂದು, ಹನ್ನೆರಡು. ಪುಟದ ತುದಿಯಿಂದ ಬುಡದವರೆಗೆ, ಒಂದೇ ಇಳಿಜಾರಿನಲ್ಲಿ, ನನ್ನದೇ ಅಕ್ಷರ.

"ಆ ಖುರ್ಚಿ ಎಲ್ಲೈತಿ?" ಎಂದು ಕೇಳಿದರು.

ಕಿಟಕಿಯ ಕೆಳಗೆ, ಆಂಪ್ಲಿಫೈಯರಿನಿಂದ ಒಂದು ಗೇಣು ದೂರ. ಗಂಟೆಗೊಮ್ಮೆ ಆರೇಳು ನಿಮಿಷ, ಸ್ವೆಟರ್ ಹಾಕಿಕೊಂಡ, ಬೆಚ್ಚಗಿನ ಒಂದು ಹೆಣ್ಣುಮಗಳು ಅದರ ಬಾಜೂಕ್ಕೆ ಕೂತು ಬರೆಯುತ್ತಿದ್ದಳು. ಕರೆಂಟು ಹೋದರೆ ಇರಲಿ ಎಂದು.

"ಅವರದು ಎರಡ ತಾಸಿಗಿ ಒಮ್ಮಿ, ನಿಂದು ತಾಸಿಗೊಮ್ಮಿ," ಅಂದರು ಸಲೀಮಣ್ಣ. "ನೀ ಅವರಕಿಂತ ಶಿಸ್ತಿನಾಕಿ."

"ನೀವ ಸುಮ್ನಿರ್ರಿ ಸಲೀಮಣ್ಣ."

ಏಳು ಮಾತುಗಳಲ್ಲಿ ಒಂದನ್ನೂ ಆಡುವ ಹಾಗಿರಲಿಲ್ಲ. ಸಣ್ಣ ಉಬ್ಬನ್ನು ಹೇಳದೆ ಬಿಡಬಹುದಿತ್ತು. ಪ್ರೊಫೆಸರರ ಪಣ ಒಂದು ಗಂಟೆಯ ಉಬ್ಬಿನ ಮೇಲೆ ಮಾತ್ರ ಇತ್ತು. ಆದರೆ ಗೋಕಾಕಕ್ಕೆ ಹೋದ ಮೇಲೆ ಪರೀಕ್ಷಕರು ಅದರ ಮೇಲೆ ಬೆರಳಿಡುತ್ತಾರೆ. ಅವರು ಇಡದಿದ್ದರೆ ನಾನೇ ಇಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ಸರಿಯಾಗಿ ಅಳೆಯಲು ನಾಲ್ಕು ದಿನ ಬೇಕು. ಉಳಿದಿರುವುದು ಸರಿಯಾಗಿ ನಾಲ್ಕು ದಿನ. ಅಷ್ಟು ದಿನ ಒಳಗೆ ಯಾರೂ ಹೋಗಬಾರದು. ಏನಾದರೂ ಕೆಟ್ಟರೆ ಕೆಟ್ಟದ್ದು ಗೊತ್ತಾಗುವುದು ಕೊನೆಯ ದಿನ.

ಪ್ರೊಫೆಸರರಿಗೆ ಎರಡೂ ಉಬ್ಬು ತೋರಿಸಿ, ಇದು ನಿಮ್ಮದು, ಇದು ನನ್ನದು ಎಂದೆ. ಅವರು ಬಹಳ ಹೊತ್ತು ನೋಡಿದರು. "ಬಾಗಿಲಿಗೂ ಬೀಗ ಹಾಕಲು ಇಲ್ಸೆಗೆ ಹೇಳುತ್ತೇನೆ," ಅಂದರು ಅಷ್ಟೇ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ನಾಲ್ಕು ದಿನ ನೋಡದೆ ಇರಬೇಕು, ನನ್ನಿಂದ ಆಗಲಿಕ್ಕಿಲ್ಲ ಅಂದೆ.

"ಸಣ್ಣಾಕಿದ್ದಾಗಿಂದಲೂ ನಿಂದು ಇದ ಚಾಳಿ ಐತಲ್ಲ ಮಾಯವ್ವ," ಅಂದ ಅಪ್ಪ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. "ತಾಸಿಗೊಮ್ಮಿ ಹಿಂಡಿನ ನಡಕ ಹೋಗಿ ನಿಂತ ಎಣಸಾಕಿ. ಅವು ಮೇಯೂದ ಬಿಟ್ಟ ನಿನ್ನ ಮಾರಿ ನೋಡ್ಕೋತ ನಿಲ್ಲಾವು. ಆಗ ನಿನ್ನ ಎತ್ತಿ ಬದುವಿನ ಮ್ಯಾಲ ಕುಂಡರಸ್ತಿದ್ದೆ. ಈಗ ಯಾರ ಎತ್ತಬೇಕ ನಿನ್ನ?"

"ಬೀಗ ಹಾಕ್ಯಾರಪಾ."

"ಚಲೋ ಮಂದಿ ಅದಾರ ಬಿಡ."

ದಿನ 17–20

ಬರೆದಿಲ್ಲ.

ದಿನ 21: ಸಹಿ

ಇಲ್ಸೆ ಬೀಗ ತೆಗೆದರು. ಕೋಣೆಯಲ್ಲಿ ಗಾಳಿಯಿಲ್ಲದ ವಾಸನೆ ಇತ್ತು. ಅವರು ಕರವಸ್ತ್ರ ಮೂಗಿಗೆ ಹಿಡಿದು, ಶವಾಗಾರಕ್ಕೆ ಬಂದವರ ಹಾಗೆ ಬಾಗಿಲಲ್ಲೇ ನಿಂತರು. ಗ್ರಾಫ್ ಹಾಕಲು ನನ್ನ ಕೈ ಬರಲಿಲ್ಲ. ಸಲೀಮಣ್ಣ ಹಾಕಿದರು.

ಗೆರೆ ಇಳಿಯಿತು, ಹದಿನೈದು ನಿಮಿಷಕ್ಕೆ ನಿಂತಿತು, ಅರ್ಧ ಗಂಟೆ ದಾಟಿತು, ಒಂದು ಗಂಟೆ ದಾಟಿತು, ಹೋಗುತ್ತಲೇ ಇತ್ತು. ಸಗಣಿ ಸಾರಿಸಿದ ಅಂಗಳ.

"ನೋಡಿದಿ?" ಅಂದರು ಸಲೀಮಣ್ಣ. "ನನ್ನ ಬೆಸಗಿ ಹೆಂಗೈತಿ?"

ಪ್ರೊಫೆಸರ್ ಹೆಲ್ಮುಟ್ ಹಾಳೆಯ ಕೆಳಗೆ ಸಹಿ ಹಾಕಿದರು. ಆಮೇಲೆ ಪೆನ್ನು ಎತ್ತಿಟ್ಟವರು ಮತ್ತೆ ತೆಗೆದು, ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ವಾಕ್ಯ ಬರೆದರು: ಕಿಟಕಿ ಮುಚ್ಚಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸ್ಫಟಿಕದ ಉಸಿರಾಟದ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ನೋಡಿದೆ: ಆಂಪ್ಲಿಫೈಯರನ್ನು ಒಳಗೋಡೆಗೆ ಸರಿಸಿದ್ದರು. ಕಿಟಕಿ ಅಗಲವಾಗಿ ತೆರೆದಿತ್ತು. ಅದನ್ನು ಮಾತ್ರ ಇವರು ಸಾಯುವವರೆಗೂ ಬಿಡುವುದಿಲ್ಲ.

ಆ ಸಂಜೆಯ ರೈಲು ಹದಿನೆಂಟು ನಿಮಿಷ ತಡ.

ಊರು

ಕಾಲೇಜಿನಲ್ಲಿ ಮೂವರು ಪರೀಕ್ಷಕರು ಕೂತಿದ್ದರು. ಗೆರೆ ನೋಡಿದರು, ತಲೆಯಾಡಿಸಿದರು. ಸೂತ್ರದ ಬಗ್ಗೆ ಒಂದೂವರೆ ತಾಸು ಕೇಳಿದರು. ಎಲ್ಲದಕ್ಕೂ ಉತ್ತರವಿತ್ತು. ಕೊನೆಗೆ ನಡುವೆ ಕೂತಿದ್ದ ಹಿರಿಯರು ಸಹಿಯ ಮೇಲಿನ ಸಾಲಿಗೆ ಬೆರಳಿಟ್ಟರು.

"ಕಿಟಕಿದು ತಿಳೀತು. ಕೋಣಿಯೊಳಗ ಯಾರೂ ಇರಲಿಲ್ಲ ಅಂತ ಯಾಕ ಬರದಾರವಾ? ಇದ್ದಿದ್ರ ಏನಾಗತಿತ್ತು?"

ಗೋಡೆಯ ಹತ್ತಿರ ಸಲೀಮಣ್ಣ ಕೆಮ್ಮಿದರು.

"ನಾನಿರತಿದ್ದೆರಿ ಸರ್," ಅಂದೆ. "ಗೆರಿ ಉಬ್ಬತಿತ್ರಿ."

ಅವರು ನಕ್ಕು ಸಹಿಗೆಂದು ಪೆನ್ನು ತೆಗೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಕಂಪ್ಯೂಟರ್ ಕಪ್ಪಾಯಿತು. ನನ್ನ ಕೈ ತಾನಾಗಿಯೇ ಡೈರಿಗೆ ಹೋಯಿತು. ಆ ಕೈಯನ್ನು ಮೇಜಿನ ಕೆಳಗೆ ಇನ್ನೊಂದು ಕೈಯಿಂದ ಹಿಡಿದುಕೊಂಡು, ಅವರು ಸಹಿ ಮುಗಿಸುವವರೆಗೆ ಅಲುಗಾಡದೆ ಕೂತೆ.